ಬಲಮುರಿ, ಎಡಮುರಿ ಅಲೆಗಳಿಂದ ಸೂರ್ಯನ ಕಾಂತಕ್ಷೇತ್ರವನ್ನು ಅಳೆಯುವುದು: ಒಂದು ಸಮಗ್ರ ಮಾರ್ಗದರ್ಶಿ

ಸೂರ್ಯಕಲೆಗಳಲ್ಲಿ ಪ್ರಬಲವಾದ ಕಾಂತಕ್ಷೇತ್ರವಿದೆ ಎಂಬುದನ್ನು 1908ರಲ್ಲಿ ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಜಾರ್ಜ್ ಎಲ್ಲರಿ ಹೇಲ್ ತೋರಿಸಿಕೊಟ್ಟರು. ಕಾಂತಕ್ಷೇತ್ರದಲ್ಲಿ ರೋಹಿತದ ಗೆರೆಗಳು ಸೀಳಿಕೊಳ್ಳುವ ಝೀಮನ್ ಪರಿಣಾಮವೇ ಅವರ ಸಾಧನವಾಗಿತ್ತು, ಮತ್ತು ಕಣ್ಣಿಗೆ ಕಾಣುವ ಮೇಲ್ಮೈಯಾದ ಪ್ರಭಾಗೋಳದ ಕ್ಷೇತ್ರವನ್ನು ಇಂದಿಗೂ ಆ ದಾರಿಯಲ್ಲಿಯೇ ದಿನವೂ ಅಳೆಯಲಾಗುತ್ತದೆ. ಅದರ ಮೇಲಿನ ಕರೋನಾಕ್ಕೆ, ಎಂದರೆ ಸೂರ್ಯನ ತೆಳುವಾದ ಹೊರ ವಾತಾವರಣಕ್ಕೆ, ಬಂದಾಗ ಈ ದಾರಿ ಬಹಳ ಕಿರಿದಾಗುತ್ತದೆ. ಹತ್ತು ಲಕ್ಷ ಡಿಗ್ರಿಗೂ ಮೀರಿದ ಬಿಸಿಯಲ್ಲಿ ಗೆರೆಗಳು ಅಗಲವಾಗಿ ಹರಡಿಕೊಳ್ಳುತ್ತವೆ. ಅಲ್ಲಿನ ಕ್ಷೇತ್ರವೋ ಬಹಳ ಕಡೆ ಕೆಲವೇ ಗಾಸ್‌ಗಳಷ್ಟು (ಗಾಸ್ ಎಂದರೆ ಕಾಂತಕ್ಷೇತ್ರದ ಬಲವನ್ನು ಅಳೆಯುವ ಏಕಮಾನ). ಹೀಗಾಗಿ ಸೀಳು ಗೆರೆಯ ಅಗಲದೊಳಗೇ ಮುಚ್ಚಿಹೋಗುತ್ತದೆ. ಹವಾಯಿಯ ನಾಲ್ಕು ಮೀಟರ್ ಕನ್ನಡಿಯ ಇನೋಯೆ ಸೌರ ದೂರದರ್ಶಕವೂ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಆದಿತ್ಯ-ಎಲ್1 ನೌಕೆಗಾಗಿ ರೂಪಿಸಿದ ಕರೋನಾಗ್ರಾಫ್ ಕೂಡ 1074.7 ನ್ಯಾನೊಮೀಟರ್‌ನ ಅವಕೆಂಪು ಗೆರೆಯನ್ನು ನೆಚ್ಚಿಕೊಂಡು ಈ ಕಷ್ಟದ ಅಳತೆಗೆ ಕೈಹಾಕಿವೆ.

ರೇಡಿಯೋ ಅಲೆಗಳದು ಬೇರೆಯ ದಾರಿ. ಅವು ಕರೋನಾದಲ್ಲಿಯೇ ಹುಟ್ಟುತ್ತವೆ, ಮತ್ತು ಹುಟ್ಟಿದ ಜಾಗದ ಕಾಂತಕ್ಷೇತ್ರದ ಗುರುತನ್ನು ತಮ್ಮ ಸುತ್ತಿನಲ್ಲಿ, ಎಂದರೆ ವೃತ್ತೀಯ ಧ್ರುವೀಕರಣದಲ್ಲಿ, ಹೊತ್ತು ತರುತ್ತವೆ; ಸಾಗುತ್ತ ಹೋಗುವಾಗ ಅಲೆಯ ವಿದ್ಯುತ್ ಕ್ಷೇತ್ರ ಬಲಕ್ಕೆ ಸುತ್ತಿದರೆ ಅದು ಬಲಮುರಿ ಅಲೆ, ಎಡಕ್ಕೆ ಸುತ್ತಿದರೆ ಎಡಮುರಿ. ಬ್ರಿಟನ್ನಿನ ಸೇನಾ ರಾಡಾರ್‌ಗಳನ್ನು ಕಾಡಿದ ಗದ್ದಲ ಸೂರ್ಯನಿಂದ ಬಂದದ್ದೆಂದು ಜೆ. ಎಸ್. ಹೇ 1942ರ ಫೆಬ್ರವರಿಯಲ್ಲಿ ಗುರುತಿಸಿದರು. 1946ರಲ್ಲಿ ದೊಡ್ಡ ಸೂರ್ಯಕಲೆಗಳ ಗುಂಪು ಕಾಣಿಸಿಕೊಂಡಾಗ ಆಸ್ಟ್ರೇಲಿಯದಲ್ಲಿ ಮಾರ್ಟಿನ್, ಇಂಗ್ಲೆಂಡಿನಲ್ಲಿ ಆ್ಯಪಲ್ಟನ್ ಮತ್ತು ಹೇ, ಕೇಂಬ್ರಿಜ್‌ನಲ್ಲಿ ರೈಲ್ ಮತ್ತು ವಾನ್‌ಬರ್ಗ್, ಹೀಗೆ ಮೂರು ಕಡೆಯವರೂ ಆ ಅಲೆಗಳು ಪ್ರಬಲವಾಗಿ ವೃತ್ತೀಯ ಧ್ರುವೀಕರಣ ಹೊಂದಿವೆ ಎಂದು ಕಂಡುಕೊಂಡರು. ಕಾಂತಕ್ಷೇತ್ರವಿಲ್ಲದ ಪ್ಲಾಸ್ಮಾದಲ್ಲಿ (ಎಲೆಕ್ಟ್ರಾನ್‌ಗಳೂ ಅಯಾನುಗಳೂ ಬಿಡಿಬಿಡಿಯಾಗಿರುವ ಬಿಸಿ ಅನಿಲದಲ್ಲಿ) ಅಲೆಗೆ ಬಲಕ್ಕಾಗಲಿ ಎಡಕ್ಕಾಗಲಿ ಒಲವು ಇರಲು ಕಾರಣವೇ ಇಲ್ಲ; ಒಲವು ಕಂಡಿತೆಂದರೆ ಅಲ್ಲಿ ಕ್ಷೇತ್ರವಿದೆ.

ಆ ಒಲವನ್ನು ಅಳೆದು ಗಾಸ್‌ಗಳಿಗೆ ತಿರುಗಿಸುವ ಕೆಲಸವನ್ನು ಹಂತಹಂತವಾಗಿ ವಿವರಿಸುವುದು ಈ ಬರಹದ ಉದ್ದೇಶ. ಭೌತಶಾಸ್ತ್ರದ ಪದವಿ ತರಗತಿಯಲ್ಲಿರುವವರು, ರೇಡಿಯೋ ಹವ್ಯಾಸಿಗಳು, ಯೋಜನಾ ಕೆಲಸಕ್ಕೆ ವಿಷಯ ಹುಡುಕುತ್ತಿರುವವರು ನನ್ನ ಮನಸ್ಸಿನಲ್ಲಿದ್ದಾರೆ. ಆರಂಭದಲ್ಲಿಯೇ ಒಂದು ಮಾತನ್ನು ಒತ್ತಿ ಹೇಳಬೇಕು. ಅಲೆ ಯಾವ ಬಗೆಯಲ್ಲಿ ಹುಟ್ಟಿತು ಎಂಬುದು ತೀರ್ಮಾನವಾಗುವ ಮುನ್ನ ಗಾಸ್‌ನಲ್ಲಿ ಯಾವ ಸಂಖ್ಯೆಯನ್ನೂ ಬರೆಯಬಾರದು. ಸೂತ್ರಗಳು ಸುಲಭ, ಯಾವ ಸೂತ್ರ ಎಂಬ ತೀರ್ಮಾನವೇ ಕಷ್ಟ, ಮತ್ತು ತಪ್ಪು ಸೂತ್ರವೂ ನಂಬುವಂತಹ ಉತ್ತರವನ್ನೇ ಕೊಡುತ್ತದೆ. ಅದಕ್ಕೆ ಉದಾಹರಣೆಯನ್ನು ಏಳನೆಯ ಹಂತದಲ್ಲಿ ಲೆಕ್ಕಸಹಿತ ಕೊಟ್ಟಿದ್ದೇನೆ.

ಹಂತ 1: ಎರಡು ಆವೃತ್ತಿಗಳು, ಎರಡು ಅಲೆಗಳು

ಇಡೀ ಲೆಕ್ಕ ಎರಡು ಆವೃತ್ತಿಗಳ ಮೇಲೆ ನಿಂತಿದೆ. ಮೊದಲನೆಯದು ಪ್ಲಾಸ್ಮಾ ಆವೃತ್ತಿ. ಒಂದು ಘನ ಸೆಂಟಿಮೀಟರ್‌ನಲ್ಲಿ ಎಷ್ಟು ಎಲೆಕ್ಟ್ರಾನ್‌ಗಳಿವೆಯೋ ಆ ಸಂಖ್ಯೆಯ ವರ್ಗಮೂಲವನ್ನು 9ರಿಂದ ಗುಣಿಸಿದರೆ ಅದು ಕಿಲೊಹರ್ಟ್ಜ್‌ಗಳಲ್ಲಿ ಸಿಗುತ್ತದೆ. ಎರಡನೆಯದು ಸೈಕ್ಲೋಟ್ರಾನ್ ಆವೃತ್ತಿ, ಎಂದರೆ ಎಲೆಕ್ಟ್ರಾನ್ ಕಾಂತರೇಖೆಯನ್ನು ಸುತ್ತುವ ಆವೃತ್ತಿ. ಕ್ಷೇತ್ರವನ್ನು ಗಾಸ್‌ನಲ್ಲಿ ತೆಗೆದುಕೊಂಡು 2.8ರಿಂದ ಗುಣಿಸಿದರೆ ಅದು ಮೆಗಾಹರ್ಟ್ಜ್‌ಗಳಲ್ಲಿ ಬರುತ್ತದೆ. 9 ಮತ್ತು 2.8 ಎಂಬ ಈ ಎರಡು ಅಂಕಿಗಳನ್ನು ಬಾಯಿಪಾಠ ಮಾಡಿಟ್ಟುಕೊಂಡರೆ ಸಾಕು, ಮುಂದಿನ ಎಲ್ಲವೂ ಅವುಗಳಿಂದಲೇ ಹೊರಡುತ್ತದೆ.

ಕಾಂತಕ್ಷೇತ್ರವಿರುವ ಪ್ಲಾಸ್ಮಾದಲ್ಲಿ ರೇಡಿಯೋ ಅಲೆ ಒಂದಾಗಿ ಸಾಗುವುದಿಲ್ಲ, ಎರಡಾಗಿ ಕವಲೊಡೆಯುತ್ತದೆ. ಎಲೆಕ್ಟ್ರಾನ್ ಸುತ್ತುವ ದಿಕ್ಕಿನಲ್ಲಿಯೇ ಸುತ್ತುವುದು ಅಸಾಮಾನ್ಯ ಅಲೆ. ಅದಕ್ಕೆ ಎದುರು ದಿಕ್ಕಿನಲ್ಲಿ ಸುತ್ತುವುದು ಸಾಮಾನ್ಯ ಅಲೆ. ಎಲೆಕ್ಟ್ರಾನ್‌ಗಳೊಂದಿಗೆ ಹೆಜ್ಜೆ ಹಾಕುವ ಅಸಾಮಾನ್ಯ ಅಲೆ ಅವುಗಳೊಡನೆ ಹೆಚ್ಚು ವ್ಯವಹರಿಸುತ್ತದೆ. ಆದ್ದರಿಂದ ಅದು ಹೆಚ್ಚು ಹೊರಹೊಮ್ಮುತ್ತದೆ, ಹೆಚ್ಚು ಹೀರಲ್ಪಡುತ್ತದೆ, ಮತ್ತು ತುಸು ಹೆಚ್ಚಿನ ಆವೃತ್ತಿಯಿದ್ದರೆ ಮಾತ್ರ ಹೊರಬರಬಲ್ಲದು. ಪ್ಲಾಸ್ಮಾ ಆವೃತ್ತಿ 40 ಮೆಗಾಹರ್ಟ್ಜ್, ಕ್ಷೇತ್ರ 1.5 ಗಾಸ್ ಇರುವ ಜಾಗವನ್ನು ಊಹಿಸಿಕೊಳ್ಳಿ. ಅಲ್ಲಿಂದ ಸಾಮಾನ್ಯ ಅಲೆ 40 ಮೆಗಾಹರ್ಟ್ಜ್‌ನಿಂದಲೇ ಹೊರಡಬಹುದು. ಅಸಾಮಾನ್ಯ ಅಲೆ ಮಾತ್ರ ಸುಮಾರು 42.2 ಮೆಗಾಹರ್ಟ್ಜ್ ದಾಟಬೇಕು. ಪ್ಲಾಸ್ಮಾ ಆವೃತ್ತಿಯ ಅಂಚಿನಲ್ಲಿಯೇ ಹುಟ್ಟುವ ಅಲೆಗಳಲ್ಲಿ ಸಾಮಾನ್ಯ ಅಲೆಯಷ್ಟೇ ಪಾರಾಗುತ್ತದೆ ಎಂಬ ತಿಳಿವಳಿಕೆ ಈ ಎರಡೂ ಚಿಲ್ಲರೆ ಮೆಗಾಹರ್ಟ್ಜ್‌ಗಳ ಅಂತರದಿಂದ ಬಂದದ್ದು, ಮತ್ತು ಇದು ನಮಗೆ ಮತ್ತೆ ಮತ್ತೆ ಬೇಕಾಗುತ್ತದೆ.

ಹಂತ 2: ಯಾವ ಎತ್ತರ ಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳುವುದು

ಆವೃತ್ತಿ ತಗ್ಗಿದಂತೆಲ್ಲ ಅಲೆ ಹೊರಡುವ ಎತ್ತರ ಏರುತ್ತದೆ. ಒಂದೆರಡು ಸೆಂಟಿಮೀಟರ್ ತರಂಗದೂರದ ಅಲೆಗಳು ವರ್ಣಗೋಳ (ಪ್ರಭಾಗೋಳಕ್ಕೂ ಕರೋನಾಕ್ಕೂ ನಡುವಿನ ಪದರ) ಮತ್ತು ಕರೋನಾದ ತಳದಿಂದ ಬರುತ್ತವೆ. ಸೂರ್ಯಕಲೆಯ ನೆತ್ತಿಯ ಮೇಲಿನ ಸಾವಿರಾರು ಗಾಸ್‌ಗಳ ಕ್ಷೇತ್ರ ಅಲ್ಲಿ ಸಿಗುತ್ತದೆ. ಮೀಟರ್ ತರಂಗದೂರದವು ಸೂರ್ಯನ ಮೇಲ್ಮೈಯಿಂದ ಲಕ್ಷಗಟ್ಟಲೆ ಕಿಲೊಮೀಟರ್ ಮೇಲಿನಿಂದ ಬರುತ್ತವೆ, ಅಲ್ಲಿನ ಕ್ಷೇತ್ರ ಒಂದೆರಡು ಗಾಸ್.

ಜಪಾನಿನ ನೊಬೆಯಾಮಾದ ರೇಡಿಯೋಹೀಲಿಯೋಗ್ರಾಫ್ (ಸೂರ್ಯನ ರೇಡಿಯೋ ಚಿತ್ರ ತೆಗೆಯುವ ಆಂಟೆನಾ ಸಮೂಹ) 1992ರಿಂದ 2020ರವರೆಗೆ 17 ಗಿಗಾಹರ್ಟ್ಜ್‌ನಲ್ಲಿ ಎರಡೂ ಸುತ್ತಿನ ಚಿತ್ರಗಳನ್ನು ತೆಗೆದಿದೆ. ತಳದ ಕ್ಷೇತ್ರ ಬೇಕಾದವರಿಗೆ ಆ ಸಂಗ್ರಹ ದೊಡ್ಡ ಆಸ್ತಿ. ಫ್ರಾನ್ಸಿನ ನಾನ್ಸೆಯಲ್ಲಿ ಎರಡೂ ಸುತ್ತುಗಳಿಗೆ ಪ್ರತ್ಯೇಕ ಸುರುಳಿಯಾಕಾರದ ಆಂಟೆನಾಗಳಿರುವ ಸಮೂಹವೊಂದು 10ರಿಂದ 80 ಮೆಗಾಹರ್ಟ್ಜ್ ನಡುವೆ ದಶಕಗಳಿಂದ ಸೂರ್ಯನನ್ನು ನೋಡುತ್ತಿದೆ. ನಮ್ಮಲ್ಲಿಯೇ, ಬೆಂಗಳೂರಿನಿಂದ ಉತ್ತರಕ್ಕೆ ಸುಮಾರು 100 ಕಿಲೊಮೀಟರ್ ದೂರದ ಗೌರಿಬಿದನೂರಿನಲ್ಲಿ ಭಾರತೀಯ ಖಭೌತ ಸಂಸ್ಥೆಯ ರೇಡಿಯೋ ವೀಕ್ಷಣಾಲಯವಿದೆ. 1976ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯ ಜೊತೆಗೂಡಿ ಆರಂಭಿಸಿದ ಈ ಕೇಂದ್ರದಲ್ಲಿ 1997ರಿಂದ ರೇಡಿಯೋಹೀಲಿಯೋಗ್ರಾಫ್ ಕೆಲಸ ಮಾಡುತ್ತಿದೆ. ಸುಮಾರು 40ರಿಂದ 120 ಮೆಗಾಹರ್ಟ್ಜ್ ನಡುವೆ ಸೂರ್ಯನ ಧ್ರುವೀಕರಣವನ್ನೇ ಅಳೆಯುವ ಪ್ರತ್ಯೇಕ ಉಪಕರಣಗಳೂ ಇವೆ. 13.6 ಡಿಗ್ರಿ ಅಕ್ಷಾಂಶದ ಆ ಬಯಲಿನಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ಸಾಕಷ್ಟು ಮೇಲಿರುತ್ತಾನೆ, ಇದು ಧ್ರುವೀಕರಣದ ಅಳತೆಗೆ ಬಹಳ ಅನುಕೂಲ. ಕಡಿಮೆ ಖರ್ಚಿನಲ್ಲಿ ಆರಂಭಿಸುವವರಿಗೆ ಮೀಟರ್ ತರಂಗದೂರವೇ ಸರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ತಟ್ಟೆಯಾಕಾರದ ದೊಡ್ಡ ಆಂಟೆನಾ ಬೇಕಿಲ್ಲ ಮತ್ತು ಸೂರ್ಯನ ಸ್ಫೋಟಗಳು, ಎಂದರೆ ರೇಡಿಯೋ ಅಲೆಗಳು ಹಠಾತ್ತನೆ ಉಕ್ಕುವ ಘಟನೆಗಳು, ಬಹಳ ಪ್ರಬಲವಾಗಿರುತ್ತವೆ.

ಹಂತ 3: ಆಂಟೆನಾ ಕಟ್ಟುವುದು ಅಥವಾ ದತ್ತಾಂಶ ಪಡೆಯುವುದು

ಒಂದೇ ದಿಕ್ಕಿನ ಡೈಪೋಲ್‌ಗೆ ಬಲಸುತ್ತು ಎಡಸುತ್ತುಗಳ ಭೇದ ತಿಳಿಯದು. ಎರಡರಲ್ಲಿಯೂ ಅದು ಅರ್ಧದಷ್ಟನ್ನು ಮಾತ್ರ ಹಿಡಿಯುತ್ತದೆ. 530 ಮೀಟರ್ ಉದ್ದದ ಊಟಿ ರೇಡಿಯೋ ದೂರದರ್ಶಕ ಸೂಕ್ಷ್ಮತೆಯಲ್ಲಿ ಎಷ್ಟೇ ಮುಂದಿದ್ದರೂ ಅದರ 1,056 ಡೈಪೋಲ್‌ಗಳೂ ಒಂದೇ ದಿಕ್ಕಿನವಾದ್ದರಿಂದ ಈ ಕೆಲಸಕ್ಕೆ ಒದಗುವುದಿಲ್ಲ. ನಮಗೆ ಬೇಕಾದುದು ಒಂದಕ್ಕೊಂದು ಲಂಬವಾಗಿ ಜೋಡಿಸಿದ ಎರಡು ಆಂಟೆನಾಗಳು. 40ರಿಂದ 120 ಮೆಗಾಹರ್ಟ್ಜ್ ಪೂರ್ತಿ ಬೇಕಾದರೆ ಲಾಗ್ ಪೀರಿಯಾಡಿಕ್ ಆಂಟೆನಾ, ಒಂದೇ ಆವೃತ್ತಿ ಸಾಕಾದರೆ ಯಾಗಿ ಆಂಟೆನಾ, ಎರಡೂ ನಡೆಯುತ್ತವೆ.

ಎರಡೂ ಆಂಟೆನಾಗಳಿಂದ ಬಂದ ಸಂಕೇತಗಳನ್ನು 90 ಡಿಗ್ರಿ ಹೈಬ್ರಿಡ್ ಎಂಬ ಪುಟ್ಟ ಘಟಕಕ್ಕೆ ಕೊಟ್ಟರೆ ಅದರ ಒಂದು ಬಾಯಿಯಿಂದ ಬಲಮುರಿ ಅಲೆಯೂ ಇನ್ನೊಂದರಿಂದ ಎಡಮುರಿ ಅಲೆಯೂ ಹೊರಬರುತ್ತವೆ. ಇಲ್ಲವಾದರೆ ಒಂದೇ ಗಡಿಯಾರದ ಮೇಲೆ ನಡೆಯುವ ಎರಡು ಚಾನೆಲ್‌ಗಳ ಸಾಫ್ಟ್‌ವೇರ್ ರೇಡಿಯೋ ಬಳಸಿ, ಎರಡೂ ಸಂಕೇತಗಳ ಗುಣಲಬ್ಧವನ್ನು ಗಣಕದಲ್ಲಿಯೇ ತೆಗೆಯಬಹುದು. ಎರಡನೆಯ ದಾರಿಯಲ್ಲಿ ದೋಷಗಳನ್ನು ಆಮೇಲೆ ತಿದ್ದಲು ಅವಕಾಶವಿರುವುದರಿಂದ ನನಗೆ ಅದೇ ಹಿಡಿಸುತ್ತದೆ. ಯಾವ ದಾರಿಯಾದರೂ ಕೇಬಲ್‌ಗಳ ಉದ್ದದಲ್ಲಿ ಉದಾಸೀನ ಸಲ್ಲದು. 80 ಮೆಗಾಹರ್ಟ್ಜ್ ಅಲೆಯ ಉದ್ದ ಗಾಳಿಯಲ್ಲಿ 3.75 ಮೀಟರ್, ವೇಗಾಂಶ 0.66 ಇರುವ ಸಾಮಾನ್ಯ ಕೇಬಲ್‌ನೊಳಗೆ ಅದು ಸುಮಾರು 2.5 ಮೀಟರ್‌ಗೆ ಕುಗ್ಗುತ್ತದೆ. ಎರಡು ಕೇಬಲ್‌ಗಳ ನಡುವೆ 10 ಸೆಂಟಿಮೀಟರ್ ವ್ಯತ್ಯಾಸವಾದರೂ 14 ಡಿಗ್ರಿಗೂ ಹೆಚ್ಚಿನ ಕಲಾಂತರ ನುಸುಳುತ್ತದೆ. ಆದ್ದರಿಂದ ಎರಡನ್ನೂ ಒಂದೇ ಸುರುಳಿಯಿಂದ, ಒಂದೇ ಅಳತೆಗೆ ಕತ್ತರಿಸಿ, ಒಂದೇ ಬಿಸಿಲು ಬೀಳುವಂತೆ ಜೊತೆಜೊತೆಯಾಗಿ ಎಳೆಯಿರಿ.

ಆಂಟೆನಾ ಕಟ್ಟುವ ಅನುಕೂಲವಿಲ್ಲದವರಿಗೆ ಇ-ಕ್ಯಾಲಿಸ್ಟೊ ಎಂಬ ಅಂತರರಾಷ್ಟ್ರೀಯ ಜಾಲದ ದತ್ತಾಂಶ ಉಚಿತವಾಗಿ ದೊರೆಯುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ರೂಪುಗೊಂಡ ಕ್ಯಾಲಿಸ್ಟೊ ರೋಹಿತಮಾಪಕ 45ರಿಂದ 870 ಮೆಗಾಹರ್ಟ್ಜ್ ವ್ಯಾಪ್ತಿಯದು. ಸಾಮಾನ್ಯವಾಗಿ 200 ಚಾನೆಲ್‌ಗಳನ್ನು ಕಾಲು ಸೆಕೆಂಡಿಗೊಮ್ಮೆ ದಾಖಲಿಸಿ, ಹದಿನೈದು ನಿಮಿಷಕ್ಕೊಂದು ಕಡತ ಮಾಡಿಡುತ್ತದೆ. ಗೌರಿಬಿದನೂರು ಮತ್ತು ಊಟಿಯಲ್ಲಿಯೂ ಇದರ ಕೇಂದ್ರಗಳಿವೆ. ಜಾಲದ ಎಲ್ಲ ಕೇಂದ್ರಗಳೂ ಧ್ರುವೀಕರಣ ಅಳೆಯುವುದಿಲ್ಲ. ಬಲಮುರಿ ಮತ್ತು ಎಡಮುರಿಗೆ ಬೇರೆ ಬೇರೆ ಕಡತವಿರುವ ಕೇಂದ್ರವನ್ನೇ ಆರಿಸಿಕೊಳ್ಳಬೇಕು.

ಹಂತ 4: ಎರಡು ಕೈಗಳನ್ನು ಸಮ ಮಾಡುವುದು

ಅನುಭವವಿಲ್ಲದವರು ಅವಸರದಲ್ಲಿ ದಾಟಿಬಿಡುವ ಹಂತ ಇದು. ನಾವು ಲೆಕ್ಕ ಹಾಕಬೇಕಾದ ಧ್ರುವೀಕರಣದ ಪ್ರಮಾಣವೆಂದರೆ ಬಲಮುರಿಯಿಂದ ಎಡಮುರಿಯನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದ ಅಂಕಿ; ರೇಡಿಯೋ ಖಗೋಳದವರ ಮಾತಿನಲ್ಲಿ ಸ್ಟೋಕ್ಸ್ ವಿ ಭಾಗಿಸು ಸ್ಟೋಕ್ಸ್ ಐ. ಎರಡು ಚಾನೆಲ್‌ಗಳ ವರ್ಧನೆಯಲ್ಲಿ ಕೇವಲ 1 ಡೆಸಿಬೆಲ್ ವ್ಯತ್ಯಾಸವಿದೆ ಎಂದುಕೊಳ್ಳಿ. ಆಗ ಧ್ರುವೀಕರಣವೇ ಇಲ್ಲದ ಅಲೆಯಲ್ಲಿಯೂ 11.5 ಶೇಕಡಾ ಧ್ರುವೀಕರಣ ಕಾಣುತ್ತದೆ. ನಾವು ಮುಂದೆ ಅಳೆಯಲಿರುವ ಸ್ಫೋಟಗಳ ನಿಜವಾದ ಧ್ರುವೀಕರಣವೂ ಹೆಚ್ಚುಕಡಿಮೆ ಅಷ್ಟೇ. 0.2 ಡೆಸಿಬೆಲ್‌ಗೆ ಇಳಿಸಿದರೆ ಸುಳ್ಳು ಧ್ರುವೀಕರಣ 2.3 ಶೇಕಡಾಗೆ ಇಳಿಯುತ್ತದೆ. ಆ ಮಟ್ಟವನ್ನಾದರೂ ಮುಟ್ಟದೆ ಮುಂದೆ ಹೋಗಬೇಡಿ.

ಸಮ ಮಾಡಲು ಪ್ರಕೃತಿಯೇ ಒಂದು ತಕ್ಕಡಿ ಕೊಟ್ಟಿದೆ. 100 ಮೆಗಾಹರ್ಟ್ಜ್‌ಗಿಂತ ಕೆಳಗೆ ಆಕಾಶಗಂಗೆಯ ಹಿನ್ನೆಲೆ ಪ್ರಬಲವಾಗಿದ್ದು, ಅದರಲ್ಲಿ ವೃತ್ತೀಯ ಧ್ರುವೀಕರಣ ಇಲ್ಲವೆಂದೇ ಹೇಳಬಹುದು. ಸೂರ್ಯ ಮುಳುಗಿದ ಮೇಲೆ ಎರಡೂ ಚಾನೆಲ್‌ಗಳನ್ನು ಇಡೀ ರಾತ್ರಿ ದಾಖಲಿಸಿದರೆ ಎರಡರ ಏರಿಳಿತವೂ ಒಂದೇ ಆಗಿರಬೇಕು; ಆಗದಿದ್ದರೆ ಪ್ರತಿ ಆವೃತ್ತಿಗೂ ಬೇರೆಯಾಗಿ ಗುಣಕವನ್ನು ಕಂಡುಹಿಡಿದು ತಿದ್ದಬೇಕು. ಹಲವು ಆಂಟೆನಾಗಳ ಸಮೂಹವಿದ್ದವರು ಸಿಗ್ನಸ್-ಎ, ಕ್ಯಾಸಿಯೋಪಿಯ-ಎ, ವರ್ಗೋ-ಎ ಮೊದಲಾದ ಮೂಲಗಳನ್ನು ನೋಡಿ, ವೃತ್ತೀಯ ಧ್ರುವೀಕರಣವಿಲ್ಲದ ಅವುಗಳಲ್ಲಿ ಎಷ್ಟು ಕಾಣುತ್ತದೋ ಅಷ್ಟನ್ನು ಉಪಕರಣದ ಸೋರಿಕೆಯೆಂದು ಎಣಿಸಬೇಕು.

ಸ್ಫೋಟಕ್ಕೆ ಮುಂಚಿನ ಕೆಲವು ನಿಮಿಷಗಳ ಹಿನ್ನೆಲೆಯನ್ನು ಬಲಮುರಿಯಿಂದ ಒಮ್ಮೆ, ಎಡಮುರಿಯಿಂದ ಒಮ್ಮೆ, ಬೇರೆ ಬೇರೆಯಾಗಿ ಕಳೆಯಬೇಕು. ಕ್ಯಾಲಿಸ್ಟೊದ ಅಂಕಿಗಳು ಲಾಗರಿದಮ್ ಮಾಪನದಲ್ಲಿರುತ್ತವೆ. ಅವನ್ನು ಸರಳ ಶಕ್ತಿಯ ಮಾಪನಕ್ಕೆ ತಿರುಗಿಸದೆ ಕಳೆದರೆ ಅದು ಕಳೆಯುವುದಲ್ಲ, ಭಾಗಿಸುವುದಾಗುತ್ತದೆ. ಸೂರ್ಯ ದಿಗಂತದಿಂದ 30 ಡಿಗ್ರಿಗಿಂತ ಕೆಳಗಿರುವಾಗಿನ ದತ್ತಾಂಶವನ್ನು ನಾನಂತೂ ಬಿಟ್ಟುಬಿಡುತ್ತೇನೆ, ಏಕೆಂದರೆ ನೆಲದ ಪ್ರತಿಫಲನ ಮತ್ತು ಓರೆ ನೋಟ ಎರಡೂ ಸೇರಿ ಸುತ್ತನ್ನು ಕೆಡಿಸುತ್ತವೆ.

ರೇಖೀಯ ಧ್ರುವೀಕರಣವನ್ನು ಏಕೆ ಅಳೆಯುವುದಿಲ್ಲ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ಕಾಂತಕ್ಷೇತ್ರವಿರುವ ಪ್ಲಾಸ್ಮಾದಲ್ಲಿ ರೇಖೀಯ ಅಲೆಯ ತಲ ತಿರುಗುತ್ತ ಹೋಗುತ್ತದೆ. ಇದೇ ಫ್ಯಾರಡೆ ತಿರುಗುವಿಕೆ. ಒಂದು ಘನ ಸೆಂಟಿಮೀಟರ್‌ಗೆ 1 ಕೋಟಿ ಎಲೆಕ್ಟ್ರಾನ್, 1 ಗಾಸ್ ಕ್ಷೇತ್ರ, 1 ಲಕ್ಷ ಕಿಲೊಮೀಟರ್ ಹಾದಿ ಎಂದು ಹಿಡಿದರೆ 80 ಮೆಗಾಹರ್ಟ್ಜ್ ಅಲೆಯ ತಲ ಮೂರು ಲಕ್ಷಕ್ಕೂ ಹೆಚ್ಚು ರೇಡಿಯನ್ ತಿರುಗುತ್ತದೆ. 10 ಕಿಲೊಹರ್ಟ್ಜ್‌ನಷ್ಟು ಕಿರಿದಾದ ಪಟ್ಟಿಯ ಎರಡು ಅಂಚುಗಳ ನಡುವೆಯೂ ಸುಮಾರು 90 ರೇಡಿಯನ್ ವ್ಯತ್ಯಾಸವಾಗುತ್ತದೆ. ಹೀಗಾಗಿ ರೇಖೀಯ ಭಾಗವೆಲ್ಲ ಅಳಿಸಿಹೋಗಿ, ವೃತ್ತೀಯ ಭಾಗವೊಂದೇ ನಮ್ಮವರೆಗೆ ಉಳಿದು ಬರುತ್ತದೆ.

ಹಂತ 5: ಬಲ ಯಾವುದು, ಎಡ ಯಾವುದು

ರೇಡಿಯೋ ಖಗೋಳದಲ್ಲಿ ಒಪ್ಪಿಕೊಂಡ ರೂಢಿ ಹೀಗಿದೆ: ಬಲಗೈ ಹೆಬ್ಬೆರಳನ್ನು ಅಲೆ ಸಾಗುವ ದಿಕ್ಕಿಗೆ ಹಿಡಿದಾಗ ಉಳಿದ ಬೆರಳುಗಳು ಮಡಚುವ ದಿಕ್ಕಿನಲ್ಲಿ ವಿದ್ಯುತ್ ಕ್ಷೇತ್ರ ಸುತ್ತಿದರೆ ಅದು ಬಲಮುರಿ. ನಮ್ಮೆಡೆಗೆ ಬರುತ್ತಿರುವ ಅಲೆಯನ್ನು ಎದುರಿನಿಂದ ನೋಡಿದರೆ ಈ ಸುತ್ತು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಕಾಣುತ್ತದೆ. ದೃಗ್ವಿಜ್ಞಾನದ ಹಳೆಯ ರೂಢಿ ಇದಕ್ಕೆ ತಿರುಗುಮುರುಗು. ಎರಡನ್ನು ಬೆರೆಸಿದರೆ ಸೂರ್ಯನ ಉತ್ತರ ಧ್ರುವತೆ ದಕ್ಷಿಣವಾಗಿಬಿಡುತ್ತದೆ. ತಟ್ಟೆಯಾಕಾರದ ಆಂಟೆನಾ ಬಳಸುವವರು ಪ್ರತಿಫಲನದಲ್ಲಿ ಸುತ್ತು ಮಗುಚಿಕೊಳ್ಳುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕ್ಷೇತ್ರ ನಮ್ಮೆಡೆಗೆ ಮುಖ ಮಾಡಿರುವಲ್ಲಿ, ಅಂದರೆ ಧನ ಧ್ರುವತೆಯ ಮೇಲೆ, ಅಸಾಮಾನ್ಯ ಅಲೆ ಬಲಮುರಿಯಾಗಿಯೂ ಸಾಮಾನ್ಯ ಅಲೆ ಎಡಮುರಿಯಾಗಿಯೂ ಕಾಣುತ್ತವೆ. ಋಣ ಧ್ರುವತೆಯ ಮೇಲೆ ಇದು ಅದಲುಬದಲು. ಇದನ್ನೇ ಬಳಸಿ ನಿಮ್ಮ ಕೇಬಲ್‌ಗಳು ಅದಲುಬದಲಾಗಿಲ್ಲವೆಂದು ಖಚಿತಪಡಿಸಿಕೊಳ್ಳಬಹುದು. ಹೇಲ್ ಕಂಡುಕೊಂಡ ನಿಯಮದಂತೆ, 2019ರ ಡಿಸೆಂಬರ್‌ನಲ್ಲಿ ಆರಂಭವಾದ 25ನೆಯ ಸೌರಚಕ್ರದಲ್ಲಿ ಉತ್ತರಾರ್ಧ ಗೋಳದ ಕಲೆಗುಂಪುಗಳ ಮುಂಚೂಣಿಯ ಕಲೆ ಬಹುಪಾಲು ಧನ ಧ್ರುವತೆಯದು. ಟೈಪ್-1 ಗದ್ದಲವೆಂದು ಕರೆಯುವ, ಗಂಟೆಗಟ್ಟಲೆ, ಒಮ್ಮೊಮ್ಮೆ ದಿನಗಟ್ಟಲೆ ನಡೆಯುವ ಹೊರಸೂಸುವಿಕೆ ಸಾಮಾನ್ಯವಾಗಿ ಮುಂಚೂಣಿಯ ಕಲೆಯನ್ನೇ ಅನುಸರಿಸುತ್ತದೆ ಮತ್ತು ಸಾಮಾನ್ಯ ಅಲೆಯಾಗಿಯೇ ಹೊರಬರುತ್ತದೆ. ಆದ್ದರಿಂದ ಈ ಚಕ್ರದಲ್ಲಿ ಉತ್ತರಾರ್ಧದ ಟೈಪ್-1 ಗದ್ದಲ ಹೆಚ್ಚಾಗಿ ಎಡಮುರಿಯಾಗಿರಬೇಕು. ನಾಲ್ಕಾರು ಗದ್ದಲಗಳಲ್ಲಿಯೂ ನಿಮಗೆ ಬಲಮುರಿಯೇ ಕಂಡರೆ ಸೂರ್ಯನನ್ನು ಸಂಶಯಿಸುವ ಮೊದಲು ಕೇಬಲ್‌ಗಳನ್ನು ನೋಡಿ.

ಹಂತ 6: ಅಲೆ ಹುಟ್ಟಿದ ಬಗೆಯನ್ನು ತೀರ್ಮಾನಿಸುವುದು

ಸೂರ್ಯನ ರೇಡಿಯೋ ಅಲೆಗಳು ಹುಟ್ಟುವ ದಾರಿಗಳು ಹಲವು, ಮತ್ತು ಪ್ರತಿ ದಾರಿಯಲ್ಲಿಯೂ ಧ್ರುವೀಕರಣಕ್ಕೂ ಕಾಂತಕ್ಷೇತ್ರಕ್ಕೂ ಇರುವ ಸಂಬಂಧ ಬೇರೆ. ಸ್ಫೋಟವಿಲ್ಲದ ದಿನ, ನಿಧಾನವಾಗಿ ಬದಲಾಗುವ, ಕೆಲವೇ ಶೇಕಡಾ ಧ್ರುವೀಕರಣದ ಹೊರಸೂಸುವಿಕೆಯಾದರೆ ಅದು ಬಿಸಿಯಿಂದ, ಎಲೆಕ್ಟ್ರಾನ್‌ಗಳು ಅಯಾನುಗಳ ಬಳಿ ಹಾದುಹೋಗುವಾಗ ಹುಟ್ಟಿದ್ದು. ಒಂದೆರಡು ಸೆಂಟಿಮೀಟರ್ ತರಂಗದೂರದಲ್ಲಿ, ದೊಡ್ಡ ಸೂರ್ಯಕಲೆಯ ನೇರ ಮೇಲೆ ಚಿಕ್ಕದಾದ, ಬಹಳ ಪ್ರಖರವಾದ, ಬಹುತೇಕ ಒಂದೇ ಸುತ್ತಿನ ಚುಕ್ಕೆ ಕಂಡರೆ ಅದು ಸೈಕ್ಲೋಟ್ರಾನ್ ಆವೃತ್ತಿಯ ಎರಡರಷ್ಟು ಅಥವಾ ಮೂರರಷ್ಟರಲ್ಲಿ ಹುಟ್ಟುವ ಅನುರಣನದ ಹೊರಸೂಸುವಿಕೆ.

ಮೀಟರ್ ತರಂಗದೂರದಲ್ಲಿ ಹೆಚ್ಚು ಸಿಗುವುದು ಟೈಪ್-3 ಸ್ಫೋಟ. ಎಲೆಕ್ಟ್ರಾನ್‌ಗಳ ಪುಂಜವೊಂದು ಬೆಳಕಿನ ವೇಗದ ಮೂರನೆಯ ಒಂದು ಭಾಗದ ಆಸುಪಾಸಿನಲ್ಲಿ ಮೇಲೇರುತ್ತ ದಾರಿಯುದ್ದಕ್ಕೂ ಪ್ಲಾಸ್ಮಾವನ್ನು ಮಿಡಿಯುತ್ತದೆ. ಸಾಂದ್ರತೆ ಕುಸಿಯುತ್ತ ಹೋಗುವುದರಿಂದ ಕೆಲವೇ ಸೆಕೆಂಡುಗಳಲ್ಲಿ ಸ್ಫೋಟ ಹೆಚ್ಚಿನ ಆವೃತ್ತಿಯಿಂದ ತಗ್ಗಿನ ಆವೃತ್ತಿಗೆ ಜಾರುತ್ತದೆ. ರೋಹಿತಪಟದಲ್ಲಿ ಬಹುತೇಕ ನೆಟ್ಟಗಿನ ಗೆರೆಯಂತೆ ಕಾಣುತ್ತದೆ. ತೊಡಕೆಂದರೆ ಅಲೆ ಪ್ಲಾಸ್ಮಾ ಆವೃತ್ತಿಯಲ್ಲಿಯೂ ಹುಟ್ಟಬಹುದು, ಅದರ ಇಮ್ಮಡಿಯಲ್ಲಿಯೂ ಹುಟ್ಟಬಹುದು. ಮೂಲ ಆವೃತ್ತಿಯದು ಸಿದ್ಧಾಂತದ ಪ್ರಕಾರ ಪೂರ್ತಿ ಸಾಮಾನ್ಯ ಅಲೆಯಾಗಿರಬೇಕು, ಆದರೆ ಹಾದಿಯಲ್ಲಿ ಚದುರುವುದೇ ಮೊದಲಾದ ಕಾರಣಗಳಿಂದ ಅಷ್ಟು ಉಳಿದು ಬರುವುದಿಲ್ಲ. 1980ರಲ್ಲಿ ಡಲ್ಕ್ ಮತ್ತು ಸುಜುಕಿ ಪ್ರಕಟಿಸಿದ ವಿಸ್ತಾರವಾದ ಅಧ್ಯಯನದಲ್ಲಿ ಮೂಲ ಆವೃತ್ತಿಯ ಸರಾಸರಿ ಧ್ರುವೀಕರಣ 0.35, ಇಮ್ಮಡಿಯದು 0.11 ಎಂದು ಕಂಡುಬಂತು. ಮೂಲ ಆವೃತ್ತಿಯ ಧ್ರುವೀಕರಣದ ಪ್ರಮಾಣ ಹಾದಿಯ ಮೇಲೆ ಅವಲಂಬಿಸಿರುವುದರಿಂದ ಅದರಿಂದ ಗಾಸ್ ತೆಗೆಯಲಾಗದು, ದಿಕ್ಕಷ್ಟೇ ಸಿಗುತ್ತದೆ. ಟೈಪ್-1 ಗದ್ದಲಕ್ಕೂ ಇದೇ ಮಾತು. ಇಮ್ಮಡಿಯ ಧ್ರುವೀಕರಣ ಮಾತ್ರ ಹುಟ್ಟಿದ ಜಾಗದ ಕ್ಷೇತ್ರಕ್ಕೆ ಅನುಪಾತದಲ್ಲಿರುತ್ತದೆ.

ಹಾಗಾದರೆ ಇಮ್ಮಡಿ ಎಂದು ತಿಳಿಯುವುದು ಹೇಗೆ? ಒಂದೇ ಹೊತ್ತಿನಲ್ಲಿ ಎರಡು ಗೆರೆಗಳು ಕಂಡು, ಅವುಗಳ ಆವೃತ್ತಿಗಳ ಅನುಪಾತ ಸುಮಾರು 1.8ರಿಂದ 2ರ ನಡುವೆ ಇದ್ದರೆ ಮೇಲಿನದು ಇಮ್ಮಡಿ. ಇದು ಎಲ್ಲಕ್ಕಿಂತ ಗಟ್ಟಿ ಸಾಕ್ಷಿ. ಒಂದೇ ಗೆರೆ ಕಂಡಾಗ ಸ್ಫೋಟದ ಮೂಲ ಸೂರ್ಯಬಿಂಬದ ಎಲ್ಲಿದೆ ಎಂದು ನೋಡಬೇಕು. ಮೂಲ ಆವೃತ್ತಿಯ ಅಲೆ ಕಿರಿದಾದ ಕೋನದಲ್ಲಿ ಮೇಲ್ಮುಖವಾಗಿ ಹೊರಡುವುದರಿಂದ ಬಿಂಬದ ಅಂಚಿನಲ್ಲಿ ಹುಟ್ಟಿದ್ದು ನಮಗೆ ಕಾಣುವುದು ಅಪರೂಪ. ಅಂಚಿನಿಂದ ಬಂದ, ಕಡಿಮೆ ಧ್ರುವೀಕರಣದ ಸ್ಫೋಟ ಇಮ್ಮಡಿಯಾಗಿರುವ ಸಂಭವವೇ ಹೆಚ್ಚು. ಗೌರಿಬಿದನೂರಿನ ಆರ್. ರಮೇಶ್ ಮತ್ತು ಸಂಗಡಿಗರು ಅಂಚಿನ ಸ್ಫೋಟಗಳನ್ನೇ ಆರಿಸಿಕೊಳ್ಳುವುದರ ಹಿಂದೆ ಈ ತರ್ಕವಿದೆ. ಎರಡೂ ಸಾಕ್ಷಿಗಳಿಲ್ಲದ ಸ್ಫೋಟವನ್ನು ಬದಿಗಿಡುವುದು ಲೇಸು; ಸೂರ್ಯ ಇನ್ನೊಂದನ್ನು ಕೊಡುತ್ತಾನೆ.

ಹಂತ 7: ಲೆಕ್ಕ

ಇಮ್ಮಡಿಯ ಟೈಪ್-3 ಸ್ಫೋಟಕ್ಕೆ ಸೂತ್ರ ಸರಳ. ಕಾಂತಕ್ಷೇತ್ರ = ಪ್ಲಾಸ್ಮಾ ಆವೃತ್ತಿ × ಧ್ರುವೀಕರಣದ ಪ್ರಮಾಣ ÷ (2.8 × ಕೋನಗುಣಕ). ಆವೃತ್ತಿ ಮೆಗಾಹರ್ಟ್ಜ್‌ನಲ್ಲಿ, ಕ್ಷೇತ್ರ ಗಾಸ್‌ನಲ್ಲಿ. ಕೋನಗುಣಕ ಎಂಬುದು ನಮ್ಮ ನೋಟದ ರೇಖೆಗೂ ಕ್ಷೇತ್ರಕ್ಕೂ ನಡುವಿನ ಕೋನವನ್ನು ಅವಲಂಬಿಸಿದ ಅಂಕಿ. ಬಹಳ ಸಂದರ್ಭಗಳಲ್ಲಿ ಅದನ್ನು 1 ಎಂದು ಹಿಡಿಯುತ್ತಾರೆ.

80 ಮೆಗಾಹರ್ಟ್ಜ್‌ನಲ್ಲಿ 0.11 ಪ್ರಮಾಣದ ಧ್ರುವೀಕರಣ ಅಳೆದೆವು, ಅದು ಇಮ್ಮಡಿಯೆಂದೂ ಖಚಿತವಾಯಿತು ಎನ್ನೋಣ. ಪ್ಲಾಸ್ಮಾ ಆವೃತ್ತಿ 40 ಮೆಗಾಹರ್ಟ್ಜ್. 40ನ್ನು 0.11ರಿಂದ ಗುಣಿಸಿ 2.8ರಿಂದ ಭಾಗಿಸಿದರೆ ಸುಮಾರು 1.6 ಗಾಸ್. ಇನ್ನು ಎತ್ತರ. 40 ಮೆಗಾಹರ್ಟ್ಜ್‌ಗೆ ಒಂದು ಘನ ಸೆಂಟಿಮೀಟರ್‌ನಲ್ಲಿ ಸುಮಾರು 2 ಕೋಟಿ ಎಲೆಕ್ಟ್ರಾನ್‌ಗಳಿರಬೇಕು. ಕರೋನಾದ ಯಾವ ಎತ್ತರದಲ್ಲಿ ಎಷ್ಟು ಎಲೆಕ್ಟ್ರಾನ್‌ಗಳಿವೆ ಎಂದು ಹೇಳುವ ನ್ಯೂಕರ್ಕ್ ಸಾಂದ್ರತಾ ಮಾದರಿಯ ಪ್ರಕಾರ ಅಷ್ಟು ಸಾಂದ್ರತೆ ಸೂರ್ಯಕೇಂದ್ರದಿಂದ 1.62 ಸೌರತ್ರಿಜ್ಯ ದೂರದಲ್ಲಿರುತ್ತದೆ. ಸಕ್ರಿಯ ವಲಯಗಳ ಮೇಲಿನ ಕ್ಷೇತ್ರಕ್ಕೆ 1978ರಲ್ಲಿ ಡಲ್ಕ್ ಮತ್ತು ಮೆಕ್ಲೀನ್ ಕೊಟ್ಟ ಸೂತ್ರ ಹೋಲಿಕೆಗೆ ಒದಗುತ್ತದೆ: ಮೇಲ್ಮೈಯಿಂದ ಇರುವ ಎತ್ತರವನ್ನು ಸೌರತ್ರಿಜ್ಯಗಳಲ್ಲಿ ಬರೆದು, ಅದರ ಒಂದೂವರೆ ಘಾತದಿಂದ 0.5ನ್ನು ಭಾಗಿಸಬೇಕು. 1.62 ತ್ರಿಜ್ಯದಲ್ಲಿ, ಎಂದರೆ ಮೇಲ್ಮೈಯಿಂದ 0.62 ತ್ರಿಜ್ಯ ಎತ್ತರದಲ್ಲಿ, ಅದು 1 ಗಾಸ್ ಕೊಡುತ್ತದೆ. ನಮ್ಮ 1.6 ಅದರ ಆಸುಪಾಸಿನಲ್ಲಿದೆ.

ಈಗ ಅದೇ ಸ್ಫೋಟವನ್ನು ತಪ್ಪಾಗಿ ಮೂಲ ಆವೃತ್ತಿಯದೆಂದು ತಿಳಿದು, ಅದೇ ಸೂತ್ರದಲ್ಲಿ 80 ಹಾಕಿ ನೋಡಿ. ಕ್ಷೇತ್ರ 3.1 ಗಾಸ್ ಬರುತ್ತದೆ, ಸೂರ್ಯಕೇಂದ್ರದಿಂದ ಇರುವ ದೂರ 1.32 ತ್ರಿಜ್ಯಕ್ಕೆ ಇಳಿಯುತ್ತದೆ, ಡಲ್ಕ್–ಮೆಕ್ಲೀನ್ ಸೂತ್ರ ಅಲ್ಲಿ 2.8 ಗಾಸ್ ಎನ್ನುತ್ತದೆ. ತಪ್ಪು ಲೆಕ್ಕ ಸರಿಯಾದ ಲೆಕ್ಕಕ್ಕಿಂತ ಚೆನ್ನಾಗಿ ಹೊಂದಿಕೊಂಡಿತು! ಸೂತ್ರ ಮೂಲ ಆವೃತ್ತಿಗೆ ಅನ್ವಯಿಸುವುದೇ ಇಲ್ಲ, ಎತ್ತರವೂ ಸುಳ್ಳು, ಆದರೂ ನಕ್ಷೆಯ ಮೇಲೆ ಚುಕ್ಕೆ ಗೆರೆಯನ್ನು ಮುಟ್ಟುತ್ತದೆ. ಹಿಂದಿನ ಹಂತದಲ್ಲಿ ಅಷ್ಟು ಹೊತ್ತು ನಿಂತದ್ದು ಈ ಕಾರಣಕ್ಕೆ.

ಬಿಸಿಯಿಂದ ಹುಟ್ಟಿದ ಅಲೆಗಳಿಗೆ ಸೂತ್ರ ಬೇರೆ. ಧ್ರುವೀಕರಣದ ಶೇಕಡಾ ಅಂಕಿಯನ್ನು 107ರಿಂದ ಗುಣಿಸಿ, ಸೆಂಟಿಮೀಟರ್‌ಗಳಲ್ಲಿ ಬರೆದ ತರಂಗದೂರದಿಂದಲೂ ರೋಹಿತ ಸೂಚ್ಯಂಕದಿಂದಲೂ (ತರಂಗದೂರದೊಂದಿಗೆ ಪ್ರಖರತೆ ಎಷ್ಟು ಬೇಗ ಬದಲಾಗುತ್ತದೆ ಎಂಬುದನ್ನು ಹೇಳುವ ಅಂಕಿ) ಭಾಗಿಸಿದರೆ ನಮ್ಮ ನೋಟದ ದಿಕ್ಕಿನ ಕ್ಷೇತ್ರ ಗಾಸ್‌ನಲ್ಲಿ ಸಿಗುತ್ತದೆ. ಪಾರದರ್ಶಕವಾದ ತೆಳು ಪ್ಲಾಸ್ಮಾಕ್ಕೆ ಸೂಚ್ಯಂಕ 2. 17 ಗಿಗಾಹರ್ಟ್ಜ್‌ನ ತರಂಗದೂರ 1.76 ಸೆಂಟಿಮೀಟರ್ ಆದ್ದರಿಂದ 1 ಶೇಕಡಾ ಧ್ರುವೀಕರಣವೆಂದರೆ ಸುಮಾರು 30 ಗಾಸ್. ಮೀಟರ್ ತರಂಗದೂರದಲ್ಲಿಯೂ ಬಿಸಿಯ ಹೊರಸೂಸುವಿಕೆಯಿಂದ ಕ್ಷೇತ್ರ ತೆಗೆಯಬಹುದೆಂದು ಗೌರಿಬಿದನೂರಿನವರು 2010ರಲ್ಲಿ ತೋರಿಸಿದರು. 77 ಮತ್ತು 109 ಮೆಗಾಹರ್ಟ್ಜ್‌ನ ಅಳತೆಗಳಿಂದ ಕರೋನಾದ ಸ್ಟ್ರೀಮರ್‌ಗಳಲ್ಲಿ (ಹೊರಕ್ಕೆ ಚಾಚಿದ ಉದ್ದನೆಯ ರಚನೆಗಳಲ್ಲಿ) 1.5ರಿಂದ 1.7 ಸೌರತ್ರಿಜ್ಯದ ನಡುವೆ ಸುಮಾರು 5–6 ಗಾಸ್ ಕ್ಷೇತ್ರವನ್ನು ಅವರು ಅಂದಾಜು ಮಾಡಿದರು.

ಅನುರಣನದ ಹೊರಸೂಸುವಿಕೆಯಲ್ಲಿ ಧ್ರುವೀಕರಣದ ಪ್ರಮಾಣವೇ ಬೇಕಿಲ್ಲ. ಆವೃತ್ತಿಯೇ ಕ್ಷೇತ್ರವನ್ನು ಹೇಳುತ್ತದೆ. 17 ಗಿಗಾಹರ್ಟ್ಜ್ ಎಂಬುದು ಸೈಕ್ಲೋಟ್ರಾನ್ ಆವೃತ್ತಿಯ ಮೂರರಷ್ಟಾದರೆ ಅಲ್ಲಿನ ಕ್ಷೇತ್ರ ಸುಮಾರು 2,000 ಗಾಸ್, 5 ಗಿಗಾಹರ್ಟ್ಜ್ ಆದರೆ ಸುಮಾರು 600. ಸುತ್ತಿನ ಕೆಲಸ ಅಲ್ಲಿ ಧ್ರುವತೆಯನ್ನು ತಿಳಿಸುವುದಷ್ಟೇ.

ಹಂತ 8: ಹಾದಿಯಲ್ಲಿ ಆಗುವ ಬದಲಾವಣೆಗಳು

ಅಲೆ ಹುಟ್ಟಿದಾಗಿನ ಸುತ್ತು ಹಾದಿಯಲ್ಲಿ ಮಗುಚಿಕೊಳ್ಳಬಹುದು. ಕಾಂತಕ್ಷೇತ್ರ ನಮ್ಮ ನೋಟಕ್ಕೆ ಅಡ್ಡವಾಗಿ ಹಾಯ್ದಿರುವ ಪ್ರದೇಶವನ್ನು ದಾಟುವಾಗ, ಸೆಂಟಿಮೀಟರ್ ತರಂಗದೂರದ ಅಲೆ ಕ್ಷೇತ್ರಕ್ಕೆ ತಕ್ಕಂತೆ ತನ್ನ ಸುತ್ತನ್ನು ಬದಲಿಸಿಕೊಳ್ಳುವ ಸಂದರ್ಭಗಳುಂಟು. ಬಿಂಬದ ಅಂಚಿನ ಬಳಿಯ ಸಕ್ರಿಯ ವಲಯಗಳಲ್ಲಿ ಇದು ಸಾಮಾನ್ಯ. ಪ್ರಭಾಗೋಳದ ಕಾಂತಚಿತ್ರದಲ್ಲಿ ಧನ ಧ್ರುವತೆ ಕಾಣುವಲ್ಲಿ ನಿಮಗೆ ಋಣದ ಸುತ್ತು ಕಂಡರೆ, ಅದೇ ವಲಯ ಬಿಂಬದ ನಡುವಿಗೆ ಬರುವವರೆಗೆ ಕೆಲವು ದಿನ ಕಾದು ಮತ್ತೆ ಅಳೆಯಿರಿ. ಸುತ್ತು ಆಗ ಸರಿಹೋದರೆ ಮಗುಚಿದ್ದು ಹಾದಿಯಲ್ಲಿ ಎಂದು ಅರ್ಥ. ಮಗುಚಿದ ಆ ಆವೃತ್ತಿಯೇ ಅಡ್ಡ ಹಾಯ್ದ ಕ್ಷೇತ್ರದ ಬಲವನ್ನು ಅಂದಾಜು ಮಾಡಲು ಒದಗುತ್ತದೆ.

ಇಡೀ ಸೂರ್ಯನನ್ನು ಒಟ್ಟಾಗಿ ನೋಡುವ ಒಂಟಿ ಆಂಟೆನಾದಲ್ಲಿ, ಎರಡು ವಿರುದ್ಧ ಧ್ರುವತೆಯ ವಲಯಗಳ ಅಲೆಗಳು ಒಂದನ್ನೊಂದು ಅಳಿಸಿಹಾಕಬಹುದು. ಆದ್ದರಿಂದ ಅಲ್ಲಿ ಸಿಕ್ಕ ಕ್ಷೇತ್ರದ ಬೆಲೆಯನ್ನು ಕನಿಷ್ಠ ಮಿತಿಯೆಂದು ಓದಬೇಕು. ಶಾಂತ ದಿನಗಳ ಅಳತೆಗೆ ಇದು ಹೆಚ್ಚು ಅನ್ವಯಿಸುತ್ತದೆ. ಪ್ರಬಲ ಸ್ಫೋಟದ ಹೊತ್ತಿನಲ್ಲಿ ಉಳಿದ ಬಿಂಬ ಲೆಕ್ಕಕ್ಕೆ ಬಾರದಷ್ಟು ಮಂಕಾಗಿರುತ್ತದೆ.

ಹಂತ 9: ಫಲಿತಾಂಶವನ್ನು ಬರೆದಿಡುವುದು

ಗಾಸ್‌ನ ಅಂಕಿಯ ಪಕ್ಕದಲ್ಲಿ ಆವೃತ್ತಿ, ಅಳೆದ ಧ್ರುವೀಕರಣ ಮತ್ತು ಅದರ ದೋಷಮಿತಿ, ಸುತ್ತಿನ ದಿಕ್ಕು ಮತ್ತು ಬಳಸಿದ ರೂಢಿ, ಇಮ್ಮಡಿ ಅಥವಾ ಮೂಲ ಎಂಬ ತೀರ್ಮಾನಕ್ಕೆ ಕಾರಣ, ಕೋನಗುಣಕ, ಸಾಂದ್ರತಾ ಮಾದರಿ, ಇಷ್ಟನ್ನೂ ಬರೆಯಬೇಕು. ಮಾದರಿಯ ಹೆಸರು ಏಕೆ ಮುಖ್ಯವೆಂದರೆ, ಮೇಲಿನ ಉದಾಹರಣೆಯಲ್ಲಿಯೇ ನ್ಯೂಕರ್ಕ್ ಸಾಂದ್ರತೆಯನ್ನು ದುಪ್ಪಟ್ಟು ಮಾಡಿದರೆ (ಸಕ್ರಿಯ ವಲಯಗಳ ಮೇಲೆ ಹೀಗೆ ಮಾಡುವುದು ಅಸಹಜವಲ್ಲ) ಸೂರ್ಯಕೇಂದ್ರದಿಂದ ಸ್ಫೋಟದ ದೂರ 1.62ರಿಂದ 1.82 ತ್ರಿಜ್ಯಕ್ಕೆ ಏರುತ್ತದೆ, ಅಂದರೆ ಸುಮಾರು 1 ಲಕ್ಷ 40 ಸಾವಿರ ಕಿಲೊಮೀಟರ್ ವ್ಯತ್ಯಾಸ. ಕ್ಷೇತ್ರ 1.6 ಗಾಸ್ ಆಗಿಯೇ ಉಳಿಯುತ್ತದೆ, ಅದು ಇರುವ ಜಾಗ ಬದಲಾಗುತ್ತದೆ. ರೇಡಿಯೋಹೀಲಿಯೋಗ್ರಾಫ್‌ನ ಚಿತ್ರದಿಂದ ಸ್ಫೋಟದ ಸ್ಥಾನವನ್ನು ನೇರವಾಗಿ ಅಳೆಯಲು ಸಾಧ್ಯವಾದ ದಿನ ಮಾದರಿಯನ್ನು ಬಿಟ್ಟು ಆ ಅಳತೆಯನ್ನೇ ಬಳಸಿರಿ. ಬಿಂಬದ ಅಂಚಿನ ಸ್ಫೋಟಗಳಲ್ಲಿ ಎತ್ತರ ಚಿತ್ರದಲ್ಲಿಯೇ ಹೆಚ್ಚು ಓರೆಯಿಲ್ಲದೆ ಕಾಣುವುದರಿಂದ, ಇಮ್ಮಡಿಯೆಂದು ಗುರುತಿಸಲು ನೆರವಾದ ಅವೇ ಸ್ಫೋಟಗಳು ಎತ್ತರಕ್ಕೂ ಒಳ್ಳೆಯ ಅಳತೆ ಕೊಡುತ್ತವೆ.